ಟ್ರಿನಿಡಾಡ್‌ನ ಸಿಪಾರಿಯಾ ಚರ್ಚಿನ ಹಬ್ಬ ಯಾವ ದಿನ?

ಪ್ರಶ್ನೆ: ಒಂದು ಕಡೆ ಗುಡ್ ಫ್ರೈಡೇ ಎಂದಿದೆ, ಇನ್ನೊಂದು ಕಡೆ ಈಸ್ಟರ್ ಆದಮೇಲೆ ಎಂದಿದೆ. ಯಾವುದು ಸರಿ? ಹಿಂದೂಗಳೂ ಅಲ್ಲಿಗೆ ಹೋಗುವುದು ನಿಜವೇ?

ಉತ್ತರ 1: ಎರಡೂ ಸರಿ, ಆದರೆ ಬೇರೆ ಬೇರೆ ಜನಕ್ಕೆ. ಹಿಂದೂಗಳು ಬರುವುದು ಪವಿತ್ರ ಗುರುವಾರ ಮತ್ತು ಗುಡ್ ಫ್ರೈಡೇಗೆ. ಕ್ಯಾಥೊಲಿಕರ ಹಬ್ಬ, ಮೆರವಣಿಗೆ ಈಸ್ಟರ್ ಕಳೆದ ಎರಡನೇ ಭಾನುವಾರ. ಎಡವುವುದು ಎಣಿಕೆಯಲ್ಲಿ: ಚರ್ಚಿನ ಪಂಚಾಂಗ ಈಸ್ಟರನ್ನೇ ಮೊದಲ ಭಾನುವಾರ ಎನ್ನುತ್ತದೆ, ಹಾಗಾಗಿ ಅದೇ ದಿನಕ್ಕೆ 'ಮೂರನೇ ಭಾನುವಾರ' ಎಂದು ಹೆಸರು. 2025ರಲ್ಲಿ ಈಸ್ಟರ್ ಏಪ್ರಿಲ್ 20, ಹಬ್ಬ ಮೇ 4.

ಉತ್ತರ 2: ಏಸುವಿನ ತಾಯಿ ಮೇರಿಗೆ ಅಲ್ಲಿನ ಹೆಸರು 'ಲಾ ದಿವಿನಾ ಪಾಸ್ತೋರಾ', ಅಂದರೆ ದೈವಿಕ ಕುರುಬಗಿತ್ತಿ. ಈ ಭಕ್ತಿ ಹುಟ್ಟಿದ್ದು 1703ರಲ್ಲಿ, ಸ್ಪೇನಿನ ಸೆವಿಲ್‌ನ ಕಪೂಚಿನ್ ಸನ್ಯಾಸಿಗಳಲ್ಲಿ. ಸಿಪಾರಿಯಾದ ಮಿಷನ್ ಕಟ್ಟಿದವರೂ ಕಪೂಚಿನ್ನರೇ, 1750ರ ದಶಕದಲ್ಲಿ. ಭಾರತದ ಕೂಲಿಗಳ ಮೊದಲ ಹಡಗು ದ್ವೀಪ ತಲುಪಿದ್ದು 1845ರ ಮೇ 30ಕ್ಕೆ. ಕಂದು ಮೈಬಣ್ಣದ ಮೇರಿ ಅವರ ಬಾಯಲ್ಲಿ 'ಸಿಪಾರಿ ಮಾಯಿ' ಆದಳು. ಅಕ್ಕಿ, ಎಣ್ಣೆ, ಹೂವು, ಒಡವೆ ಹರಕೆ. ಮಗುವಿನ ಮೊದಲ ಕೂದಲು ತೆಗೆಸುವುದೂ ಅಲ್ಲೇ. ಚೌಲಕ್ಕೆ ಚರ್ಚಿನಂಗಳ!

ಉತ್ತರ 1: ಒಂದು ಮಾತು ಬಿಟ್ಟಿದ್ದೆ. ಕ್ಯಾಥೊಲಿಕರ ಬಲಿಪೂಜೆ (ಮಾಸ್) ನೋಡಬೇಕೆಂದರೆ ಗುಡ್ ಫ್ರೈಡೇ ಆರಿಸಬೇಡಿ. ಅಂದು ಯಾವ ಕ್ಯಾಥೊಲಿಕ್ ಚರ್ಚಿನಲ್ಲೂ ಅದು ಇರುವುದಿಲ್ಲ.