ಮಗಳಿಗೆ ಹೊಳೆ ಹೆಸರು, ಊರ ಹೆಸರು ಇಟ್ಟವರು ಹೇಳಿ

ಹೊಸ ಬಾಣಂತಿ: ಮಗಳು ಹುಟ್ಟಿ ಏಳು ದಿನ ಆಯ್ತು. ಪುಷ್ಯ ನಕ್ಷತ್ರ, ಹು, ಹೆ, ಹೊ, ಡ ಬಂದಿದೆ. ತವರು ಮೂಡಿಗೆರೆ, ಕೊಟ್ಟಿರೋದು ಹಾಸನಕ್ಕೆ. ಎರಡೂ ಕಡೆ ಹರಿಯೋ ಹೇಮಾವತಿ ಹೆಸರು ಇಡೋಣ ಅಂತ ನನ್ನಾಸೆ. ಅತ್ತೆ ಮಾತ್ರ "ಮುದುಕಿ ಹೆಸರು" ಅಂತಾರೆ. ಶುಕ್ರವಾರ ತೊಟ್ಟಿಲಿಗೆ ಹಾಕೋದು. ಇಂಥ ಹೆಸರು ಇಟ್ಟವರು ಏನಾಯ್ತು ಹೇಳಿ.

ಯಗಚಿ ಅಪ್ಪ: ನಮ್ಮವಳದು ಜ್ಯೇಷ್ಠಾ, 'ಯ' ಬಂತು. ಹೆಂಡತಿ ಕಡೆಯವರು ಯಶಸ್ವಿನಿ, ಯಶಿಕಾ ಅಂತ ಪಟ್ಟಿನೇ ತಂದ್ರು. ನಾನು ಬೇಲೂರಿನವನು, ನಮ್ಮೂರ ಹೊಳೆ ಹೆಸರು ಯಗಚಿ ಅಂತ ಕಿವೀಲಿ ಮೂರು ಸಲ ಹೇಳೇಬಿಟ್ಟೆ. ಅವತ್ತು ಎಲೆ ಬಿಟ್ಟು ಎದ್ದ ಮಾವ ಮೂರು ತಿಂಗಳು ಮಾತಾಡ್ಲಿಲ್ಲ. ಬೆಂಗಳೂರಿನ ಸ್ಕೂಲಲ್ಲಿ ಮಿಸ್ಸು ಮೊದಲನೇ ದಿನ 'ಯೋಗಾಚಿ' ಅಂದ್ರಂತೆ. ಮೂರನೇ ಕ್ಲಾಸಲ್ಲಿ ಯಾವನೋ ಬೇಲೂರು ಟೂರ್ ಹೋಗಿ ಯಗಚಿ ಡ್ಯಾಂ ಬೋರ್ಡ್ ನೋಡ್ಕೊಂಡು ಬಂದ. ಅಲ್ಲಿಂದ ಇವಳ ಹೆಸರು 'ಡ್ಯಾಂ'. ಅಳ್ತಾ ಬಂದ್ಲು. ಬಾಬಾಬುಡನ್‌ಗಿರಿಗೆ ಕರ್ಕೊಂಡು ಹೋಗಿ, ನಿನ್ನ ಹೊಳೆ ಹುಟ್ಟೋದು ಈ ಬೆಟ್ಟದಲ್ಲಿ, ಗೊರೂರ ಹತ್ರ ಹೇಮಾವತಿ ಸೇರುತ್ತೆ ಅಂದೆ. "ಹಂಗಾದ್ರೆ ಕೊನೇಲಿ ನನ್ನ ಹೆಸರೇ ಇರಲ್ವಲ್ಲಪ್ಪಾ" ಅಂದ್ಲು. ಉತ್ತರ ಹೊಳೀಲಿಲ್ಲ. ಆದ್ರೂ ಬದಲಾಯಿಸಲ್ಲ.

ಕೊಪ್ಪದವಳು: ನಿಮಗೆ ಮಿಸ್ಸೊಂದೇ ಕಾಟ ಮಾರಾಯ್ರೆ. ನಾನು ಭದ್ರಾ ಅಂತ ಇಟ್ಟು ಪಟ್ಟ ಪಾಡು ಕೇಳಿ. ಮೊದಲು ಜೋಯಿಸರು: "ಭದ್ರಾ ಅಂದ್ರೆ ವಿಷ್ಟಿ ಕರಣ, ಶುಭಕಾರ್ಯಕ್ಕೆ ಆಗದ ಹೊತ್ತು." ಗಂಗಾಮೂಲದ ಹೊಳೆ ಯಾವ ಕರಣ ನೋಡ್ಕೊಂಡು ಹರಿಯುತ್ತೆ ಅಂತ ಕೇಳಿದೆ, ಸುಮ್ಮನಾದ್ರು. ಆಮೇಲೆ ಇಂಗ್ಲಿಷ್ ಸ್ಪೆಲ್ಲಿಂಗು. ಜನನ ಪತ್ರದಲ್ಲಿ ಕೊನೇಗೆ ಒಂದು 'ಎ', ಆಧಾರಲ್ಲಿ ಎರಡು. ಪಾಸ್‌ಪೋರ್ಟ್ ಫೈಲು ನಿಂತೇಹೋಯ್ತು. ಅಫಿಡವಿಟ್ಟು, ನೋಟರಿ ಸೇರಿ 650. ಟೈಪ್ ಮಾಡಿದವನು 'ಭದ್ರಯ್ಯ' ಮಾಡಿಟ್ಟ, ಮತ್ತೆ 650. ಪೇಪರ್ ಜಾಹೀರಾತು ಎರಡಕ್ಕೆ 2,400. ಚಿಕ್ಕಮಗಳೂರಿಗೆ ಐದು ಸಲ ಬಸ್ಸು, ಅದರಲ್ಲಿ ಎರಡು ಸಲ "ಸರ್ವರ್ ಇಲ್ಲ, ನಾಳೆ ಬನ್ನಿ". ಬೆಳ್ಳಿ ಲೋಟದ ಮೇಲೆ ಕೆತ್ತಿಸಿದ್ದು ಇವತ್ತಿಗೂ ತಪ್ಪೇ. ಉಜ್ಜಿಸೋಕೆ 400 ಕೇಳಿದ, ಸಾಯ್ಲಿ ಅಂತ ಬಿಟ್ಟೆ.

ಕಡೂರು ಗುಮಾಸ್ತ: ಹೆಸರಿಲ್ಲದೇ ಜನನ ನೋಂದಾಯಿಸಿ, ಒಂದು ವರ್ಷದೊಳಗೆ ಶುಲ್ಕ ಇಲ್ದೇ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸ್ತಾರೆ. ಆತುರ ಮಾಡಿದ್ದು ನೀವು.

ಕೊಪ್ಪದವಳು: ವರ್ಷವೆಲ್ಲಾ ಲಸಿಕೆ ಕಾರ್ಡಲ್ಲಿ 'ಬೇಬಿ ಆಫ್' ಅಂತ ಓಡಾಡಿದ್ದೀರಾ ನೀವು? ಕುರ್ಚೀಲಿ ಕೂತು ಹೇಳೋದು ಸುಲಭ.

ಹಳೇಬೀಡಿನವ: ನಮ್ಮ ಮಗ ಹೊಯ್ಸಳ. ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ್ದು 2023ರಲ್ಲಿ, ಇವನು ಹುಟ್ಟಿದ್ದೂ ಅದೇ ವರ್ಷ. ಬೆಂಗಳೂರಲ್ಲಿ ಪೊಲೀಸ್ ಗಸ್ತು ಗಾಡಿಗೂ ಹೊಯ್ಸಳ ಅಂತಾರೆ ಅನ್ನೋದು ಅಲ್ಲಿಗೆ ಮನೆ ಮಾಡಿದ ಮೇಲೆ ತಲೆಗೆ ಬಂತು. ಪಾರ್ಕಲ್ಲಿ ನನ್ನ ಹೆಂಡತಿ "ಹೊಯ್ಸಳಾ, ಬಾ ಇಲ್ಲಿ" ಅಂದ್ರೆ ಮರದ ಕೆಳಗೆ ಸಿಗರೇಟ್ ಸೇದೋ ಹುಡುಗರು ಎದ್ದು ಓಡ್ತಾರೆ. ನನಗಂತೂ ಹೆಮ್ಮೆ.

ಮೂಡಿಗೆರೆ ತೋಟ: ಹೊಯ್ಸಳರ ಮೂಲ ಅಂಗಡಿ ಅನ್ನೋ ಊರು, ನಮ್ಮ ತಾಲ್ಲೂಕು. ಹೇಮಾವತಿ ಹುಟ್ಟೋದೂ ನಮ್ಮಲ್ಲೇ. ಹಾಸನದವರು ಗೊರೂರಲ್ಲಿ ಕಟ್ಟೆ ಕಟ್ಕೊಂಡು ಎಲ್ಲಾ ನಮ್ದು ಅಂತೀರ.

ಗೊರೂರು ಹಿನ್ನೀರು: ಕಟ್ಕೊಂಡ್ವಾ? ನಮ್ಮಜ್ಜನ ಆರೆಕರೆ ಗದ್ದೆ ಆ ನೀರಡಿ ಇದೆ ಸ್ವಾಮಿ. ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಚರ್ಚು ಮುಳುಗೋದನ್ನ ಫೋಟೋ ತೆಗೆಯೋಕೆ ಬರ್ತೀರಲ್ಲ, ಅದರ ಸುತ್ತ ಊರಿತ್ತು. ನಮ್ಮನೇಲಿ ಹುಟ್ಟೋ ಯಾವ ಹೆಣ್ಣಿಗೂ ಹೇಮಾವತಿ ಅಂತ ಇಡಲ್ಲ.

ಹೊಸ ಬಾಣಂತಿ: ಅಯ್ಯೋ, ಇದು ಗೊತ್ತಿರಲಿಲ್ಲ. ಅತ್ತೆ ಹಾಸನಾಂಬೆ ನೆನಪಿಗೆ ಹಾಸಿನಿ ಅಂತಿದಾರೆ. ಅದಾಗುತ್ತಾ?

ಕಡೂರು ಗುಮಾಸ್ತ: 'ಹಾ' ಪುನರ್ವಸುಗೆ ಬರುತ್ತೆ. ಪುಷ್ಯಕ್ಕಲ್ಲ.

ಯಗಚಿ ಅಪ್ಪ: ಎಲ್ಲದಕ್ಕೂ ರೂಲ್ಸ್ ಹೇಳ್ತೀರಲ್ಲ, ನಿಮ್ಮ ಮಕ್ಕಳಿಗೆ ಯಾವ ಊರ ಹೆಸರು ಇಟ್ಟಿದೀರಿ ಸಾರ್?

ಕಡೂರು ಗುಮಾಸ್ತ: ಆರ್ಯನ್, ಅದ್ವಿಕ್.

ಯಗಚಿ ಅಪ್ಪ: ಹೋಗ್ರೀ ಸಾಕು.

ಕೊಪ್ಪದವಳು: ಅದ್ವಿಕ್‌ಗೆ 'ವಿ'ನಾ 'ಡಬಲ್ಯೂ'ನಾ?