ಗಣಿತ ಪದವಿಯೂ ಬಿ.ಇಡಿ.ಯೂ: ಪ್ರೌಢಶಾಲಾ ಶಿಕ್ಷಕರಾಗುವವರ ಪ್ರಶ್ನೆಗಳು

ಈ ವಾರ ಉತ್ತರಿಸುವವರು ಕೆಲವು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಈಗ ಬಿ.ಇಡಿ. ಕಾಲೇಜಿನಲ್ಲಿ ಗಣಿತ ಬೋಧನಾ ವಿಧಾನವನ್ನು ಹೇಳಿಕೊಡುತ್ತಿರುವ ಅಧ್ಯಾಪಕಿ.

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಗದಗ): ಗಣಿತ ಶಿಕ್ಷಕಿಯಾಗಬೇಕು ಎಂದು ತೀರ್ಮಾನಿಸಿದ್ದೇನೆ. ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಮಾಡಲೇ, ಇಲ್ಲವೇ ಎರಡೂ ಸೇರಿರುವ ನಾಲ್ಕು ವರ್ಷದ ಕೋರ್ಸಿಗೆ ಹೋಗಲೇ? ಮನೆಯಲ್ಲಿ 'ಮೊದಲು ಪದವಿ ಮುಗಿಯಲಿ, ಉಳಿದದ್ದು ಆಮೇಲೆ' ಎನ್ನುತ್ತಾರೆ.

ಉತ್ತರ: ಮೊದಲು ವರ್ಷಗಳ ಲೆಕ್ಕ ನೋಡೋಣ. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಬಿ.ಇಡಿ. 2015ರಿಂದ ಎರಡು ವರ್ಷ. ಅಲ್ಲಿಗೆ ಐದು. ಸಂಯೋಜಿತ ಕೋರ್ಸಿನಲ್ಲಿ ಒಂದು ವರ್ಷ ಉಳಿಯುತ್ತದೆ. ಇದು ಹೊಸ ಶಿಕ್ಷಣ ನೀತಿಯೊಂದಿಗೆ ಹುಟ್ಟಿದ ವಿಚಾರ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ಅಂದರೆ ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಬಿ.ಎಸ್ಸಿ. ಬಿ.ಇಡಿ.ಯನ್ನು ಒಟ್ಟಿಗೆ ಕಲಿಸುತ್ತ ಬಂದು ದಶಕಗಳೇ ಆಗಿವೆ. ಈಗ ಈ ಬಗೆಯ ಕೋರ್ಸಿಗೆ ಐಟೆಪ್ (ಸಂಯೋಜಿತ ಶಿಕ್ಷಕ ಶಿಕ್ಷಣ ಕಾರ್ಯಕ್ರಮ) ಎಂಬ ಹೆಸರು. ಪ್ರವೇಶಕ್ಕೆ ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುವ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಕನ್ನಡದಲ್ಲಿಯೂ ಬರೆಯಬಹುದು.

ಒಂದು ವರ್ಷ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಹೋಗಬೇಡಿ. ನಾನು ಸಂಯೋಜಿತ ಕೋರ್ಸಿನ ಪರವಾಗಿರುವುದು ಬೇರೆ ಕಾರಣಕ್ಕೆ. ಬೆಳಗ್ಗೆ ಬೀಜಗಣಿತದ ತರಗತಿ, ಅದೇ ವಾರ ಮಕ್ಕಳು ಬೀಜಗಣಿತದಲ್ಲಿ ಎಲ್ಲಿ ಎಡವುತ್ತಾರೆ ಎಂಬ ಚರ್ಚೆ. ಎರಡೂ ಒಂದೇ ತಲೆಯಲ್ಲಿ, ಒಂದೇ ಕಾಲಕ್ಕೆ ನಡೆಯುತ್ತವೆ. ಮೈಸೂರಿನ ಸಂಸ್ಥೆಯ ಆವರಣದಲ್ಲೇ ಪ್ರಾತ್ಯಕ್ಷಿಕ ಶಾಲೆಯೂ ಇದೆ. ಬಿಡಿಯಾಗಿ ಓದುವವರು ಮೂರು ವರ್ಷ ಗಣಿತವನ್ನು ಪರೀಕ್ಷೆಗಾಗಿ ಓದಿ, ಅದು ಮಸುಕಾಗುವ ಹೊತ್ತಿಗೆ ಬಿ.ಇಡಿ.ಗೆ ಬರುತ್ತಾರೆ.

ಹಾಗೆಂದು ನಿಮ್ಮ ಮನೆಯವರ ಮಾತು ಹುರುಳಿಲ್ಲದ್ದಲ್ಲ. ಹದಿನೇಳು-ಹದಿನೆಂಟರ ವಯಸ್ಸಿನಲ್ಲಿ ವೃತ್ತಿಯನ್ನು ಗಟ್ಟಿಮಾಡಿಕೊಂಡರೆ, ಮಧ್ಯದಲ್ಲಿ ಸಂಖ್ಯಾಶಾಸ್ತ್ರವೋ ಇನ್ನೊಂದೋ ಸೆಳೆದರೆ ಹೊರಳುವುದು ಕಷ್ಟ. ಎನ್‌ಸಿಇಟಿ ಬರೆಯಿರಿ, ಸೀಟು ಸಿಕ್ಕರೆ ಹೋಗಿ. ಸಿಗದಿದ್ದರೆ ಊರಿಗೆ ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿ, ಮೊದಲ ವರ್ಷದಿಂದಲೇ ಸಂಜೆ ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಡಿ.

ಇನ್ನೊಂದು ಮಾತು. ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಬೇಗನೆ ಕೈಬಿಡಬೇಡಿ. ನಮ್ಮ ಪ್ರೌಢಶಾಲೆಗಳಲ್ಲಿ ಗಣಿತ ಶಿಕ್ಷಕರೆಂದರೆ ಸಾಮಾನ್ಯವಾಗಿ 'ಪಿಸಿಎಂ ಮೇಷ್ಟರು'. ಲೆಕ್ಕದ ಜೊತೆಗೆ ವಿಜ್ಞಾನದ ಅರ್ಧ ಪುಸ್ತಕವೂ ಅವರ ಪಾಲಿಗೇ ಬರುತ್ತದೆ. ಪದವಿಯಲ್ಲಿ ಯಾವ ವಿಷಯಗಳ ಜೋಡಣೆ ಆರಿಸಿಕೊಂಡರೂ, ಹಿಂದಿನ ನೇಮಕಾತಿ ಅಧಿಸೂಚನೆಯೊಂದನ್ನು ಮುಂದಿಟ್ಟುಕೊಂಡು ಅದು ಅಲ್ಲಿ ಒಪ್ಪುತ್ತದೆಯೇ ಎಂದು ನೋಡಿಯೇ ಆರಿಸಿ.

ಪ್ರಶ್ನೆ (ಬಿ.ಎಸ್ಸಿ. ಎರಡನೇ ವರ್ಷ, ತುಮಕೂರು): ಗ್ರೂಪ್, ರಿಂಗ್, ರಿಯಲ್ ಅನಾಲಿಸಿಸ್ ಎಲ್ಲವನ್ನೂ ಉರು ಹೊಡೆದು ಪಾಸಾಗುತ್ತಿದ್ದೇನೆ. ನಾಳೆ ನಾನು ಕಲಿಸುವುದು ಹತ್ತನೇ ತರಗತಿಯ ವರ್ಗ ಸಮೀಕರಣ. ಇದೆಲ್ಲ ಯಾವ ಪುರುಷಾರ್ಥಕ್ಕೆ?

ಉತ್ತರ: ಈ ಗೊಣಗಾಟಕ್ಕೆ ನೂರು ವರ್ಷ ದಾಟಿದೆ. ಜರ್ಮನಿಯ ಗಟ್ಟಿಂಗನ್‌ನಲ್ಲಿದ್ದ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಲ್ಲೇ ಇದನ್ನು ಗುರುತಿಸಿದ್ದರು: ಹುಡುಗ ವಿಶ್ವವಿದ್ಯಾಲಯಕ್ಕೆ ಬಂದಾಗ ಶಾಲೆಯ ಗಣಿತವನ್ನು ಬಾಗಿಲಲ್ಲೇ ಬಿಟ್ಟು ಬರುತ್ತಾನೆ, ಶಿಕ್ಷಕನಾಗಿ ಶಾಲೆಗೆ ಮರಳುವಾಗ ವಿಶ್ವವಿದ್ಯಾಲಯದ ಗಣಿತವನ್ನು ಹಾಗೆಯೇ ಬಿಟ್ಟು ಹೋಗುತ್ತಾನೆ. ಎರಡು ಸಲ ಕೊಂಡಿ ಕಳಚುತ್ತದೆ. ನಿಮ್ಮ ಪಠ್ಯಕ್ರಮ ಆ ಕೊಂಡಿಯನ್ನು ಹಾಕಿಕೊಡುವುದಿಲ್ಲ, ನೀವೇ ಹಾಕಿಕೊಳ್ಳಬೇಕು. ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕಾಗದ, ಪೆನ್ನು ತೆಗೆದುಕೊಳ್ಳಿ.

ಹತ್ತನೇ ತರಗತಿಯಲ್ಲಿ √2 ಅಭಾಗಲಬ್ಧ ಎಂದು ಸಾಧಿಸುತ್ತೇವೆ. √2 = a/b ಆಗಿರಲಿ, a ಮತ್ತು b ಗಳಿಗೆ ಸಾಮಾನ್ಯ ಅಪವರ್ತನ ಇಲ್ಲ. ಆಗ a² = 2b². ಆದ್ದರಿಂದ a² ಅನ್ನು 2 ಭಾಗಿಸುತ್ತದೆ, ಆದ್ದರಿಂದ a ಯನ್ನೂ ಭಾಗಿಸುತ್ತದೆ. a = 2c ಎಂದು ಬರೆದರೆ b ಕೂಡ ಸಮಸಂಖ್ಯೆ ಎಂದಾಗುತ್ತದೆ. ವೈರುಧ್ಯ. ಮಕ್ಕಳು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಕೇಳುತ್ತಾಳೆ: 'ಮೇಡಂ, 2 ಇರುವಲ್ಲೆಲ್ಲ 4 ಬರೆದರೆ √4 ಕೂಡ ಅಭಾಗಲಬ್ಧ ಎಂದಾಗುವುದಿಲ್ಲವೇ?'

ಇಲ್ಲಿ ಎರಡು ಬಗೆಯ ಶಿಕ್ಷಕರು ಬೇರೆಬೇರೆಯಾಗುತ್ತಾರೆ. 'ಅದು ಸಿಲೆಬಸ್‌ನಲ್ಲಿಲ್ಲ, ಕುಳಿತುಕೋ' ಎನ್ನುವವರು ಒಂದು ಕಡೆ. ಸಾಧನೆ ಯಾವ ಸಾಲಿನಲ್ಲಿ ಮುರಿಯುತ್ತದೆ ಎಂದು ಬಲ್ಲವರು ಇನ್ನೊಂದು ಕಡೆ. 'a² ಅನ್ನು 4 ಭಾಗಿಸಿದರೆ a ಯನ್ನೂ ಭಾಗಿಸುತ್ತದೆ' ಎಂಬ ಸಾಲು ಸುಳ್ಳು: 36ನ್ನು 4 ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ. ಇಡೀ ಸಾಧನೆ ನಿಂತಿರುವುದು 2 ಅವಿಭಾಜ್ಯ ಎಂಬುದರ ಮೇಲೆ. ಮಕ್ಕಳು ಗಮನಿಸದೆ ದಾಟಿಹೋಗುವ ಸಾಲೇ ಅದರ ಜೀವ.

ಇಷ್ಟಕ್ಕೇ ನಿಲ್ಲಿಸಬೇಡಿ. 6 ಅವಿಭಾಜ್ಯವಲ್ಲ, ಆದರೂ √6ಕ್ಕೆ ಇದೇ ಸಾಧನೆ ನಡೆಯುತ್ತದೆ, ಏಕೆಂದರೆ a² ಅನ್ನು 6 ಭಾಗಿಸಿದರೆ 2 ಮತ್ತು 3 ಎರಡೂ a ಯನ್ನು ಭಾಗಿಸಲೇಬೇಕು. √12ಕ್ಕೆ ನೇರವಾಗಿ ನಡೆಯುವುದಿಲ್ಲ. ಮತ್ತೆ 36ನ್ನೇ ನೋಡಿ. ಆದರೆ √12 ಅಭಾಗಲಬ್ಧವೇ ಹೌದು, ಅದು 2√3 ತಾನೇ! ಸಾಧನೆ ಮುರಿಯಿತು ಎಂದರೆ ಹೇಳಿಕೆ ಸುಳ್ಳಾಯಿತು ಎಂದಲ್ಲ. ಇದನ್ನು ಹತ್ತನೇ ತರಗತಿಯ ಮಗು ಒಮ್ಮೆ ಕಣ್ಣಾರೆ ಕಂಡರೆ ಸಾಕು, ನಿಮ್ಮ ಆ ವರ್ಷದ ಸಂಬಳ ಸಾರ್ಥಕ.

ಇನ್ನು ನಿಮ್ಮ ರಿಂಗ್ ಸಿದ್ಧಾಂತಕ್ಕೆ, ಅಂದರೆ ಕೂಡುವುದೂ ಗುಣಿಸುವುದೂ ನಡೆಯುವ ಬೇರೆಬೇರೆ ಸಂಖ್ಯಾಲೋಕಗಳ ಗಣಿತಕ್ಕೆ, ಬರೋಣ. ಪೂರ್ಣಾಂಕಗಳಿಗೆ √−5 ಅನ್ನು ಸೇರಿಸಿಕೊಂಡ ಸಂಖ್ಯೆಗಳಲ್ಲಿ 6 = 2 × 3 ಕೂಡ ಹೌದು, 6 = (1 + √−5)(1 − √−5) ಕೂಡ ಹೌದು. ಅಲ್ಲಿ 2 ಇನ್ನು ಒಡೆಯದ ಸಂಖ್ಯೆ. ಬಲಗಡೆಯ ಗುಣಲಬ್ಧವನ್ನು ಭಾಗಿಸುತ್ತದೆ, ಎರಡು ಅಪವರ್ತನಗಳಲ್ಲಿ ಒಂದನ್ನೂ ಭಾಗಿಸುವುದಿಲ್ಲ. ಅಂದರೆ ಹತ್ತನೇ ತರಗತಿಯಲ್ಲಿ 'ಗೊತ್ತೇ ಇದೆಯಲ್ಲ' ಎಂದು ದಾಟಿದ ಸಾಲು ಎಲ್ಲ ಸಂಖ್ಯಾಲೋಕಗಳಲ್ಲೂ ನಿಜವಲ್ಲ. ನಮ್ಮ ಪೂರ್ಣಾಂಕಗಳಲ್ಲಿ ಅದು ನಿಜವಾಗಿರುವುದು ಸಾಧಿಸಬೇಕಾದ ಸಂಗತಿ. ಇದು ಗೊತ್ತಿರುವ ಶಿಕ್ಷಕಿ ಆ ಸಾಲಿನಲ್ಲಿ ಅರ್ಧ ನಿಮಿಷ ಹೆಚ್ಚು ನಿಲ್ಲುತ್ತಾಳೆ. ರಿಂಗ್ ಎಂಬ ಹೆಸರನ್ನು ತರಗತಿಯಲ್ಲಿ ಎತ್ತಲೇಬೇಕಾಗಿಲ್ಲ.

ವಾರಕ್ಕೊಂದು ಸಲ ಹೀಗೆ ಮಾಡಿ: ಆ ವಾರ ಓದಿದ ಪ್ರಮೇಯವೊಂದನ್ನು ತೆಗೆದುಕೊಂಡು, ಎಂಟರಿಂದ ಹತ್ತನೇ ತರಗತಿಯ ಯಾವ ಪುಟಕ್ಕೆ ಇದು ಬೇರು ಎಂದು ಹುಡುಕಿ. ಕೆಲವಕ್ಕೆ ಸಿಗುವುದಿಲ್ಲ, ಪರವಾಗಿಲ್ಲ. ಎಲ್ಲ ಗಣಿತವೂ ಶಾಲೆಗಾಗಿಯೇ ಹುಟ್ಟಿದ್ದಲ್ಲ.

ಪ್ರತಿಕ್ರಿಯೆ (ಎಂಜಿನಿಯರ್, ಬೆಂಗಳೂರು): ಕ್ಷಮಿಸಿ ಮೇಡಂ, ಒಪ್ಪಲಾರೆ. ನಮಗೆ ಚಿನ್ನದ ಪದಕ ಪಡೆದವರೊಬ್ಬರು ಗಣಿತ ಕಲಿಸಿದರು. ಅವರು ಕಲಿಸಿದ್ದು ಕಪ್ಪುಹಲಗೆಗೆ, ನಮಗಲ್ಲ. ಅಷ್ಟೇನೂ ಓದಿರದ ಟ್ಯೂಷನ್ ಮೇಷ್ಟರಿಂದ ನಾನು ಗಣಿತ ಕಲಿತೆ.

ಉತ್ತರ: ಒಪ್ಪದಿರಲು ನನಗೂ ಕಾರಣವಿಲ್ಲ. ಅದಕ್ಕೇ ಬಿ.ಇಡಿ. ಇರುವುದು, ಅಥವಾ ಇರಬೇಕಾದದ್ದು. ಗಣಿತ ಬಲ್ಲದ್ದು ಬೇರೆ, ಮಗುವಿನ ತಪ್ಪನ್ನು ಓದಬಲ್ಲದ್ದು ಬೇರೆ.

ಎಂಟನೇ ತರಗತಿಗೆ ಬಂದರೂ ½ + ⅓ = 2/5 ಎಂದು ಬರೆಯುವ ಮಕ್ಕಳಿದ್ದಾರೆ. ಪದಕದವರು ಕೆಂಪು ಗೀಟು ಎಳೆದು 'ಲ.ಸಾ.ಅ. ತೆಗೆ' ಎನ್ನುತ್ತಾರೆ. ಮಗು ಲ.ಸಾ.ಅ. ತೆಗೆಯುತ್ತದೆ, ಎರಡು ವಾರದ ಮೇಲೆ ಮತ್ತೆ 2/5 ಬರೆಯುತ್ತದೆ. ಯಾಕೆ? ಅದರ ಅನುಭವದಲ್ಲಿ ಹಾಗೆ ಕೂಡುವ ಜಾಗವೊಂದಿದೆ. ಮೊದಲ ಕಿರುಪರೀಕ್ಷೆಯಲ್ಲಿ 2ಕ್ಕೆ 1, ಎರಡನೆಯದರಲ್ಲಿ 3ಕ್ಕೆ 1 ಅಂಕ ಬಂದರೆ ಒಟ್ಟು 5ಕ್ಕೆ 2 ಅಲ್ಲವೇ? ಅಂಕಪಟ್ಟಿಯಲ್ಲಿ ಅದು ಸರಿ. ಅಲ್ಲಿ ಎರಡು ಪರೀಕ್ಷೆಗಳು ಎರಡು ಬೇರೆ ಇಡಿಗಳು, ಕೊನೆಗೆ ಇಡಿಯೇ ಬದಲಾಗುತ್ತದೆ. ಭಿನ್ನರಾಶಿಯ ಸಂಕಲನದಲ್ಲಿ ಇಡಿ ಒಂದೇ ಆಗಿರಬೇಕು. ಮಗುವಿಗೆ ಕೇಳಬೇಕಾದ ಪ್ರಶ್ನೆ ಇಷ್ಟೇ: 'ಅರ್ಧದ ಮೇಲೆ ಇನ್ನಷ್ಟು ಸೇರಿಸಿದೆ, ಆದರೆ 2/5 ಅರ್ಧಕ್ಕಿಂತ ಕಡಿಮೆಯಾಯಿತಲ್ಲ, ಹೇಗೆ?' ಆ ಕ್ಷಣ ಮಗುವಿನ ಹುಬ್ಬು ಗಂಟಿಕ್ಕುತ್ತದೆ. ಲ.ಸಾ.ಅ. ಅದಾದ ಮೇಲೆ ಬರಲಿ. ನಿಮ್ಮ ಟ್ಯೂಷನ್ ಮೇಷ್ಟರು ಇಂಥದ್ದನ್ನೇ ಮಾಡಿರುತ್ತಾರೆ. ಆದರೆ ಅವರ ಬಳಿಗೆ √4ರ ಹುಡುಗಿ ಬಂದಿದ್ದರೆ ಏನಾಗುತ್ತಿತ್ತು ಎಂಬ ಕುತೂಹಲ ನನಗೆ ಉಳಿದೇ ಇದೆ.

ಪ್ರಶ್ನೆ (ಬಿ.ಎಸ್ಸಿ. ಕೊನೆಯ ವರ್ಷ, ಊರು ಬೇಡ): ಪರಿಚಯದವರೊಬ್ಬರು ಒಂದು ಬಿ.ಇಡಿ. ಕಾಲೇಜಿಗೆ 'ಹಾಜರಾತಿ ನೋಡಿಕೊಳ್ಳುತ್ತಾರೆ, ಪರೀಕ್ಷೆಗೆ ಬಂದರೆ ಸಾಕು' ಎಂದು ಹೇಳುತ್ತಿದ್ದಾರೆ. ಆ ಎರಡು ವರ್ಷದಲ್ಲಿ ಎಂ.ಎಸ್ಸಿ. ಗಣಿತವನ್ನೂ ಮುಗಿಸಿಬಿಡಬಹುದಲ್ಲವೇ? ಒಟ್ಟಿಗೆ ಎರಡು ಕೋರ್ಸ್ ಮಾಡಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅನುಮತಿ ಕೊಟ್ಟಿದೆ ಎಂದೂ ಓದಿದೆ.

ಉತ್ತರ: ಯುಜಿಸಿ 2022ರಲ್ಲಿ ಒಪ್ಪಿದ್ದು ನಿಜ. ಆದರೆ ಎರಡರ ತರಗತಿ ವೇಳೆಗಳು ಒಂದರ ಮೇಲೊಂದು ಬೀಳಬಾರದು ಎಂಬ ಷರತ್ತಿನ ಮೇಲೆ. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮ ನೋಡಿ: ಬಿ.ಇಡಿ.ಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ, ತರಗತಿಗಳಲ್ಲಿ ಶೇ. 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇ. 90. ಪೂರ್ಣಾವಧಿ ಎಂ.ಎಸ್ಸಿ.ಯನ್ನು ಇದರಲ್ಲಿ ಎಲ್ಲಿ ತೂರಿಸುತ್ತೀರಿ? ಕೂಡಿಸಿ ನೋಡಿ, ನೀವು ಗಣಿತದವರು.

'ನೋಡಿಕೊಳ್ಳುವ' ಕಾಲೇಜುಗಳ ಬಗ್ಗೆ ನನಗೆ ಮರುಕವೂ ಇಲ್ಲ, ಗೌರವವೂ ಇಲ್ಲ. ದುಡ್ಡು ಕೊಟ್ಟು ಪ್ರಮಾಣಪತ್ರ ತಂದವರು ಮೊದಲ ದಿನ ಅರವತ್ತು ಮಕ್ಕಳ ಮುಂದೆ ನಿಂತಾಗ ಅದರ ಬೆಲೆ ತೆರುವವರು ಆ ಮಕ್ಕಳು. ಎಂ.ಎಸ್ಸಿ. ಮಾಡುವ ಆಸೆ ನಿಜವಾಗಿದ್ದರೆ ಮೊದಲು ಅದನ್ನು ಮಾಡಿ, ಆಮೇಲೆ ಬಿ.ಇಡಿ. ಮಾಡಿ. ಪಿಯು ಕಾಲೇಜಿನ ಉಪನ್ಯಾಸಕ ಹುದ್ದೆಗೂ ದಾರಿ ಸಿಗುತ್ತದೆ.

ಪ್ರಶ್ನೆ (ಬಿ.ಇಡಿ. ಎರಡನೇ ವರ್ಷ, ಶಿವಮೊಗ್ಗ ಜಿಲ್ಲೆ): ಇಂಟರ್ನ್‌ಶಿಪ್‌ಗೆ ಹೋದ ಶಾಲೆಯಲ್ಲಿ ನನ್ನನ್ನು ಖಾಲಿ ತರಗತಿಗಳಿಗೆಲ್ಲ ಕಳುಹಿಸುತ್ತಾರೆ. ಉಳಿದ ಹೊತ್ತು ಪಾಠಯೋಜನೆ ಬರೆಯುವುದು, ಥರ್ಮೋಕೋಲ್ ಕತ್ತರಿಸುವುದು. ಕಲಿಯುತ್ತಿರುವುದೇನು ಎಂದೇ ತಿಳಿಯುತ್ತಿಲ್ಲ.

ಉತ್ತರ: ಎರಡು ವರ್ಷದ ಬಿ.ಇಡಿ.ಯಲ್ಲಿ ಒಟ್ಟು 20 ವಾರ ಶಾಲೆಯಲ್ಲಿ ಕಳೆಯಬೇಕು, ಅದರಲ್ಲಿ 16 ವಾರ ಎರಡನೇ ವರ್ಷದ್ದು. ಬಿ.ಇಡಿ.ಯ ನಿಜವಾದ ತಿರುಳು ಅದೇ, ಹಾಗಾಗಿ ಸುಮ್ಮನೆ ಬಿಟ್ಟುಕೊಡಬೇಡಿ. ಮುಖ್ಯೋಪಾಧ್ಯಾಯರ ಬಳಿ ಜಗಳಕ್ಕೆ ಹೋಗದೆ ಒಂದೇ ಒಂದು ಬೇಡಿಕೆ ಇಡಿ: 'ಒಂಬತ್ತನೇ ತರಗತಿಯ ಬಹುಪದೋಕ್ತಿಗಳ ಘಟಕವನ್ನು ಮೊದಲಿನಿಂದ ಘಟಕ ಪರೀಕ್ಷೆಯವರೆಗೆ ನನಗೇ ಕೊಡಿ.' ಶಿಕ್ಷಕರ ಕೊರತೆ ಇರುವ ಶಾಲೆಯಲ್ಲಿ ಇದಕ್ಕೆ ಬೇಡ ಎನ್ನುವವರು ಕಡಿಮೆ. ಬಿಡಿಬಿಡಿಯಾಗಿ ನಲವತ್ತು ಪಾಠ ಮಾಡುವುದಕ್ಕಿಂತ, ನೀವು ಸೋಮವಾರ ಹೇಳಿದ್ದು ಗುರುವಾರದ ಹೊತ್ತಿಗೆ ಮಕ್ಕಳ ತಲೆಯಲ್ಲಿ ಏನಾಗಿದೆ ಎಂದು ನೋಡುವುದು ಹೆಚ್ಚು ಕಲಿಸುತ್ತದೆ.

ತಪ್ಪು ಉತ್ತರಗಳಿಗೆಂದೇ ಒಂದು ನೋಟ್‌ಪುಸ್ತಕ ಇಡಿ. (x + 3)² = x² + 9 ಎಂದು ಬರೆದವರೆಷ್ಟು ಮಂದಿ, ಕರೆದು ಕೇಳಿದಾಗ ಏನೆಂದರು, ಮಗುವಿನ ಮಾತಿನಲ್ಲೇ ಬರೆದುಕೊಳ್ಳಿ. ಒಬ್ಬ ಹುಡುಗ 'ಎರಡಕ್ಕೂ ವರ್ಗ ಹಾಕಬೇಕಲ್ಲವೇ' ಎನ್ನುತ್ತಾನೆ, ಇನ್ನೊಬ್ಬಳು ಮಧ್ಯದ ಪದ ಮರೆತೆ ಎನ್ನುತ್ತಾಳೆ. ಮೊದಲನೆಯವನಿಗೆ x = 1 ಹಾಕಿ 16 ಬರುತ್ತದೆಯೋ 10 ಬರುತ್ತದೆಯೋ ನೋಡಲು ಹೇಳಿ. ಎರಡನೆಯವಳಿಗೆ ಅಭ್ಯಾಸ ಸಾಕು. ಒಂದೇ ತಪ್ಪು, ಎರಡು ರೋಗ. ಪೈಥಾಗೊರಸ್ ಪ್ರಮೇಯದ ಥರ್ಮೋಕೋಲ್ ಮಾದರಿ ವಸ್ತುಪ್ರದರ್ಶನಕ್ಕೆ ಚೆನ್ನಾಗಿರುತ್ತದೆ, ಅಂಕಗಳಿವೆ, ಮಾಡಿ ಮುಗಿಸಿ.

ಪ್ರಶ್ನೆ (ಬಿ.ಎಸ್ಸಿ., ಯಾದಗಿರಿ): ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಎಲ್ಲವೂ ಇಂಗ್ಲಿಷ್. ಈಗ ಕನ್ನಡದಲ್ಲಿ ಗಣಿತ ಹೇಳಲು ನಾಲಿಗೆ ತಡವರಿಸುತ್ತದೆ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೂಡ ಬರೆಯಬೇಕೇ?

ಉತ್ತರ: ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮಗಳ ಪುಸ್ತಕಗಳು ಸಿಗುತ್ತವೆ. ಎಂಟರಿಂದ ಹತ್ತರವರೆಗಿನವನ್ನು ಅಕ್ಕಪಕ್ಕ ತೆರೆದಿಟ್ಟು, ದಿನಕ್ಕೆ ಒಂದು ಲೆಕ್ಕವನ್ನು ಗಟ್ಟಿಯಾಗಿ ಕನ್ನಡದಲ್ಲಿ ಬಿಡಿಸಿ. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು. ತಂಗಿಯೋ ತಮ್ಮನೋ ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು.

ಟಿಇಟಿ ಇರುವುದು 1ರಿಂದ 8ನೇ ತರಗತಿವರೆಗಿನ ಹುದ್ದೆಗಳಿಗೆ. 6ರಿಂದ 8ಕ್ಕೆ ಎರಡನೇ ಪತ್ರಿಕೆ: 150 ಅಂಕ, ಅದರಲ್ಲಿ ಗಣಿತ-ವಿಜ್ಞಾನಕ್ಕೆ 60, ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30. ಅರ್ಹತೆಗೆ ಸಾಮಾನ್ಯ ವರ್ಗದವರಿಗೆ ಶೇ. 60 ಬೇಕು. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ಏಳು ವರ್ಷದ ಮಿತಿಯನ್ನು 2021ರಲ್ಲೇ ತೆಗೆದರು. ಪ್ರೌಢಶಾಲೆಯ ಮೇಲೆಯೇ ಕಣ್ಣಿಟ್ಟಿದ್ದರೂ ಬರೆದಿಟ್ಟುಕೊಳ್ಳಿ, ಯಾವ ನೇಮಕಾತಿ ಮೊದಲು ಬರುತ್ತದೆ ಎಂದು ಹೇಳುವವರಾರು?

ಪ್ರಶ್ನೆ (ಗದಗದ ವಿದ್ಯಾರ್ಥಿನಿಯ ತಂದೆ): ಮಗಳ ಪ್ರಶ್ನೆಗೆ ಕೊಟ್ಟ ಉತ್ತರ ಓದಿದೆ. ಎನ್‌ಸಿಇಟಿ ಅರ್ಜಿಯ ಕೊನೆಯ ದಿನಾಂಕ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಬಂದಿದೆ. ಸರಿಯೇ?

ಉತ್ತರ: ಆ ಚಿತ್ರವನ್ನು ಅಳಿಸಿ, ಎನ್‌ಟಿಎ ಜಾಲತಾಣದಲ್ಲಿ ನೋಡಿ. ಅರ್ಜಿ ತುಂಬುವಾಗ ವಿಷಯಗಳ ಆಯ್ಕೆಯಲ್ಲಿ ಗಣಿತ ಇದೆಯೇ ಎಂದು ಎರಡು ಬಾರಿ ನೋಡಿಕೊಳ್ಳಿ, ಪರೀಕ್ಷೆಯ ಮಾಧ್ಯಮವನ್ನು ಮಗಳೇ ಆರಿಸಲಿ.