ಒಹಾನಾ ಊಟದ ಬಗ್ಗೆ ಸುಮನಿಗೆ ದೊಡ್ಡಮ್ಮನ ವಾಯ್ಸ್ ಮೆಸೇಜು

ಸುಮಾ, ನಿನ್ನ ಮೆಸೇಜು ನೋಡಿದೆ ಮಾರಾಯ್ತಿ. ಇಷ್ಟೆಲ್ಲ ಬೆರಳಲ್ಲಿ ಒತ್ತಿ ಬರೆಯಲಿಕ್ಕೆ ನನ್ನಿಂದಾಗುವುದಿಲ್ಲ, ಮಾತಾಡಿಯೇ ಹೇಳ್ತೇನೆ. ಉದ್ದ ಆದ್ರೂ ಪೂರ್ತಿ ಕೇಳು. ಡಿಸೆಂಬರ್ 26ಕ್ಕೆ ಅಮೇರಿಕದ ಒರ್ಲಾಂಡೊದಲ್ಲಿ ಡಿಸ್ನಿಯವರ ಪಾಲಿನೇಶಿಯನ್ ರಿಸಾರ್ಟಿನೊಳಗಿನ ಒಹಾನಾ ಅನ್ನುವ ಹೋಟೆಲಿನಲ್ಲಿ ರಾತ್ರಿ ಊಟ ಅಂತ ಅಳಿಯ ಹೇಳಿದ್ದು, ಅವನ ಆಫೀಸಿನಲ್ಲಿ ಒಬ್ಬ ಅದರಷ್ಟು ಒಳ್ಳೆಯದು ಬೇರೆ ಇಲ್ಲ ಅನ್ನುವುದು, ಇನ್ನೊಬ್ಬ ದುಡ್ಡು ದಂಡ ಅನ್ನುವುದು, ಯಾರ ಮಾತು ನಂಬುವುದು ಅಂತ ನೀನು ಕೇಳಿದ್ದು. ಇಬ್ಬರದ್ದೂ ಸರಿ. ಆದ್ರೆ ಅದಲ್ಲ ವಿಷಯ. ಮಾಂಸ, ಮೊಟ್ಟೆ ಮುಟ್ಟದ ನಿನ್ನ ಅತ್ತೆ ಮಾವ ಒಟ್ಟಿಗೆ ಬರ್ತಾರಲ್ಲ, ಅವರು ಅಲ್ಲಿ ಎಂತ ತಿನ್ನುವುದು? ಅದನ್ನು ನೀವಿಬ್ಬರೂ ಯೋಚಿಸಿದ ಹಾಗೆ ಕಾಣಲಿಲ್ಲ.

ಪೆರ್ಲ ಭಾವನ ವಿಷಯ ಇಲ್ಲಿ ಎಲ್ಲರಿಗೂ ಗೊತ್ತುಂಟು. ಹೊರಗೆ ನೀರು ಕುಡಿಯಬೇಕಾದ್ರೂ ಎರಡು ಸಲ ಕೇಳುವ ಜನ. ಅವರು ಅಮೇರಿಕಕ್ಕೆ ಬಂದಿದ್ದಾಗ ಎಲ್ಲರೂ ಸೇರಿ ಒಂದು ಕಡೆ ಊಟಕ್ಕೆ ಹೋದದ್ದು. ಒಹಾನಾ ಅಲ್ಲ ಆಯ್ತಾ, ಬೇರೆ ಊರಲ್ಲಿ, ಹೆಸರು ಬೇಡ. ಅದೂ ಇದೇ ಪದ್ಧತಿ: ಮಧ್ಯದಲ್ಲಿ ದೊಡ್ಡ ದೊಡ್ಡ ತಟ್ಟೆ ತಂದಿಡುವುದು, ಎಲ್ಲರೂ ಅದರಿಂದಲೇ ಹಾಕಿಕೊಳ್ಳುವುದು. ನೂಡಲ್ಸ್ ಬಂತು. ಕ್ಯಾರೆಟ್ಟು, ಕ್ಯಾಬೇಜು, ನೀರುಳ್ಳಿ ಸೊಪ್ಪು, ಮಾಂಸದ ಒಂದು ತುಂಡು ಇಲ್ಲ. ಭಾವ ಎರಡು ಸಲ ಹಾಕಿಸಿಕೊಂಡರು. ಮೂರನೇ ಸಲಕ್ಕೆ ಯಾರೋ ಬಡಿಸುವ ಹುಡುಗನ ಹತ್ತಿರ, ಇದರ ಸಾಸು ಯಾವುದಪ್ಪ ಅಂತ ಕೇಳಿದರು. ಆಯ್‌ಸ್ಟರ್ ಸಾಸ್ ಅಂದ. ಸಿಂಪಿಯದ್ದು! ಭಾವ ಎದ್ದು ಹೋದವರು ಮತ್ತೆ ಮೇಜಿಗೆ ಬರಲಿಲ್ಲ. ಊರಿಗೆ ಹೊರಡುವ ತನಕ ಬಾಳೆಹಣ್ಣು, ಮೊಸರವಲಕ್ಕಿ, ಅಷ್ಟೇ. ಹುಡುಗನದ್ದು ತಪ್ಪಿಲ್ಲ, ಅವನಿಗೆ ಹೇಳಿದವರೇ ಇಲ್ಲವಲ್ಲ.

ಆಯ್‌ಸ್ಟರ್ ಸಾಸ್ ಅಂದ್ರೆ ಸಿಂಪಿಯ ರಸ ಹಾಕಿ, ಸಕ್ಕರೆ, ಉಪ್ಪು, ಕಾರ್ನ್ ಹಿಟ್ಟು ಸೇರಿಸಿ ಮಾಡುವ ಕಂದು ಬಣ್ಣದ ದಪ್ಪ ಸಾಸು. ಫಿಶ್ ಸಾಸ್ ಅಂದ್ರೆ ನಮ್ಮ ನೆತ್ತೋಲಿಯಂಥ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ತೆಗೆದ ನೀರು. ಎರಡೂ ಕಣ್ಣಿಗೆ ಕಾಣುವುದಿಲ್ಲ, ಸೋಯಾ ಸಾಸಿನ ಜೊತೆ ಬೆರೆತು ಹೋಗ್ತದೆ. ಒಹಾನಾದ ನೂಡಲ್ಸಿಗೆ ತೆರಿಯಾಕಿ ಸಾಸು, ಅಂದ್ರೆ ಸೋಯಾಕ್ಕೆ ಸಿಹಿ ಸೇರಿದ್ದು. ಮೆನು ಆಗಾಗ ಬದಲಾಗ್ತದೆ, ಹಾಗಾಗಿ ಕಳೆದ ವರ್ಷ ಹೋದವರು ಹೇಳಿದ್ದನ್ನು ನಂಬಿ ಬಾಯಿಗೆ ಹಾಕಬೇಡಿ. ನೂಡಲ್ಸಿನ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು. ಕಡೆಗೆ ಕೊಡುವ ಬ್ರೆಡ್ ಪುಡ್ಡಿಂಗಿಗೆ ಎಲ್ಲರೂ ಬಾಯಿ ಬಿಡ್ತಾರೆ, ಬಿಸಿಬಿಸಿ, ಮೇಲೆ ಐಸ್‌ಕ್ರೀಮು, ಬಾಳೆಹಣ್ಣಿನ ಕ್ಯಾರಮೆಲ್ ಸಾಸು. ಬ್ರೆಡ್ ಪುಡ್ಡಿಂಗ್ ಅಂದ್ರೆ ಹಾಲು, ಮೊಟ್ಟೆಯಲ್ಲಿ ನೆನೆಸಿ ಬೇಯಿಸಿದ ಬ್ರೆಡ್ಡು. ನಿನ್ನ ಅತ್ತೆ ಕೇಕ್ ಕೂಡ ಮುಟ್ಟದವರು, ನೆನಪಿರಲಿ.

ಅದಕ್ಕೇ ಹೇಳುವುದು: ಕೂತ ಕೂಡಲೆ, ಮೊದಲ ತಟ್ಟೆ ಮೇಜಿಗೆ ಬರುವ ಮೊದಲೇ ಹೇಳಿ. ವೆಜಿಟೇರಿಯನ್ ಅಂತ ಮಾತ್ರ ಹೇಳಿದ್ರೆ ಆ ಊರಲ್ಲಿ ಮೊಟ್ಟೆ ಬರ್ತದೆ. ಪ್ಲಾಂಟ್ ಬೇಸ್ಡ್ ಅನ್ನಿ. ಡಿಸ್ನಿಯವರು 2019ರಿಂದ ಅಂಥದ್ದಕ್ಕೆ ಮೆನುವಿನಲ್ಲಿ ಎಲೆಯ ಗುರುತು ಹಾಕ್ತಾರೆ. ಅದರಲ್ಲಿ ಹಾಲು, ಬೆಣ್ಣೆಯೂ ಇರುವುದಿಲ್ಲ, ರುಚಿ ಸ್ವಲ್ಪ ಕಡಿಮೆ ಆದ್ರೂ ಸಂಶಯ ಇಲ್ಲ. ಅಂಥವರಿಗೆ ಬೇರೆಯೇ ಮಾಡಿ ತಂದುಕೊಡ್ತಾರೆ, ಕೇಳಬೇಕು ಅಷ್ಟೆ. ನೀರುಳ್ಳಿ, ಬೆಳ್ಳುಳ್ಳಿ ಬಿಟ್ಟವರಾದ್ರೆ ಮಾತ್ರ ಕಷ್ಟ. ಸಾಸೆಲ್ಲ ಮೊದಲೇ ಮಾಡಿಟ್ಟದ್ದು, ಅದರಿಂದ ಬೆಳ್ಳುಳ್ಳಿ ತೆಗೆಯಲಿಕ್ಕೆ ಯಾರಿಂದಲೂ ಆಗ್ಲಿಕ್ಕಿಲ್ಲ.

ಇನ್ನು ಅಳಿಯನ ಆಫೀಸಿನವರ ಜಗಳ. ಅಲ್ಲಿ ತಿಂದದ್ದಕ್ಕೆ ಅಲ್ಲ, ಕೂತ ತಲೆಗೆ ದುಡ್ಡು. ದೊಡ್ಡವರಿಗೆ 60 ಡಾಲರಿನ ಮೇಲೆ, 3ರಿಂದ 9 ವರ್ಷದವರಿಗೆ 40ರ ಆಸುಪಾಸು, 3 ತುಂಬದ ಮಗುವಿಗೆ ಇಲ್ಲ. ಹತ್ತಾದ್ರೆ ದೊಡ್ಡವರ ಲೆಕ್ಕ. ನೀವು ನಾಲ್ಕು ಜನ ದೊಡ್ಡವರು, ಒಬ್ಬ ಎಂಟು ವರ್ಷದವನು, ಆರನೆಯದು ಪಾಪು, ಅದಕ್ಕೆ ದುಡ್ಡಿಲ್ಲ, ಅಂದ್ರೆ 280. ಅದರ ಮೇಲೆ ಅಲ್ಲಿಯ ತೆರಿಗೆ ಆರೂವರೆ ಪರ್ಸೆಂಟು. ಆರು ಜನ ಅಥವಾ ಮೇಲಾದ್ರೆ 18 ಪರ್ಸೆಂಟ್ ಟಿಪ್ಸ್ ಅವರೇ ಬಿಲ್ಲಿಗೆ ಸೇರಿಸ್ತಾರೆ. ಅದನ್ನು ನೋಡದೆ ಇನ್ನೊಮ್ಮೆ ಟಿಪ್ಸ್ ಬರೆಯುವವರಿದ್ದಾರೆ, ಬಿಲ್ಲು ಸರಿಯಾಗಿ ಓದಲಿಕ್ಕೆ ಹೇಳು. ಒಟ್ಟು 350 ಡಾಲರಿನ ಹತ್ತಿರ, ನಮ್ಮ ಲೆಕ್ಕದಲ್ಲಿ 30,000 ರೂಪಾಯಿ. ಎರಡು ಸೌಟು ತಿಂದು ಸಾಕು ಅನ್ನುವ ನಿನ್ನ ಮಾವನಿಗೂ ಅಷ್ಟೇ, ನಾಲ್ಕು ಸಲ ತರಿಸುವ ಅಳಿಯನಿಗೂ ಅಷ್ಟೇ. ಹೊಟ್ಟೆ ತುಂಬ ಮಾಂಸ ತಿನ್ನುವವನಿಗೆ ಅದು ಲಾಭ, ಬಾಕಿಯವರಿಗೆ ದಂಡ.

ಎರಡನೆಯದು, ಹಳೆಯ ಗಿರಾಕಿಗಳ ಬೇಸರ. ಆ ಹೋಟೆಲು 1995ರಿಂದ ಉಂಟು. ಮೊದಲು ಬಡಿಸುವವರು ಮಾರುದ್ದದ ಕಂಬಿಗೆ ಮಾಂಸ ಚುಚ್ಚಿಕೊಂಡು ಮೇಜು ಮೇಜಿಗೆ ಬಂದು ತಟ್ಟೆಗೆ ಜಾರಿಸ್ತಿದ್ದರು, ಮಕ್ಕಳಿಗೆ ತೆಂಗಿನಕಾಯಿ ಉರುಳಿಸುವ ಪಂದ್ಯ, ಉಕುಲೇಲೆ ಹಾಡು, ಗೌಜಿಯೋ ಗೌಜಿ. ಕೊರೊನಾದಲ್ಲಿ ಮುಚ್ಚಿ 2021ರ ಜುಲೈಯಲ್ಲಿ ತೆರೆದ ಮೇಲೆ ಎಲ್ಲ ತಟ್ಟೆಯಲ್ಲೇ ಬರುವುದು. ಆಗ ನೂಡಲ್ಸ್ ಇರುವುದಿಲ್ಲ ಅಂತ ಸುದ್ದಿಯಾದದ್ದಕ್ಕೇ ಜನ ಬೊಬ್ಬೆ ಹೊಡೆದು ವಾಪಸ್ ತರಿಸಿದ್ದಾರೆ, ಅಷ್ಟು ಹುಚ್ಚು. ಹಳೆಯದು ನೋಡಿದವನಿಗೆ ಈಗಿನದ್ದು ಸಪ್ಪೆ, ಹೊಸಬನಿಗೆ ಕೊರತೆಯೇ ಕಾಣುವುದಿಲ್ಲ. ಸಿಹಿಯ ಸಮಸ್ಯೆ ಬೇರೆ. ಕೋಳಿ ರೆಕ್ಕೆಗೆ ಜೇನು, ನೂಡಲ್ಸಿಗೆ ಸಿಹಿ ಸಾಸು, ಬ್ರೆಡ್ಡೂ ಸಿಹಿ. ಮಕ್ಕಳು ಕುಣಿದು ತಿನ್ತಾರೆ, ಖಾರದ ಬಾಯಿಯವರಿಗೆ ಮೂರನೇ ತುತ್ತಿಗೆ ಸಾಕಾಗ್ತದೆ. ಕಿಟಕಿ ಹತ್ತಿರ ಜಾಗ ಸಿಕ್ಕಿದವನು ಕೆರೆಯಾಚೆಯ ಡಿಸ್ನಿ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್ಮಿನ ಪಟಾಕಿ ನೋಡಿ ಬಂದು ಹೊಗಳ್ತಾನೆ, ಕಂಬದ ಹಿಂದೆ ಕೂತವನು ಬೈತಾನೆ. ಕಿಟಕಿ ಬೇಕಂತ ಒಳಗೆ ಹೋಗುವಾಗ ಕೇಳಬಹುದು, ಸಿಗ್ತದೆ ಅಂತ ಇಲ್ಲ. ಸಿಗದಿದ್ರೆ ಉಂಡು ಕೆಳಗೆ ಇಳಿದು ರಿಸಾರ್ಟಿನ ಮರಳ ದಂಡೆಗೆ ಹೋಗಿ, ಕೆರೆಯ ಆಚೆ ಪಟಾಕಿ ಚೆಂದ ಕಾಣ್ತದೆ, ಅದಕ್ಕೆ ದುಡ್ಡಿಲ್ಲ.

ಬಡಿಸುವ ಕ್ರಮ ನೋಡು, ಎಡವಟ್ಟು ಇರುವುದೇ ಅಲ್ಲಿ. ಮೊದಲು ಸಲಾಡು, ಬ್ರೆಡ್ಡು. ಕೂಡಲೇ ಕೋಳಿ ರೆಕ್ಕೆ, ಹಂದಿಮಾಂಸ ತುಂಬಿದ ಡಂಪ್ಲಿಂಗು. ಮತ್ತೆ ನೂಡಲ್ಸು, ಬ್ರೊಕೊಲಿ, ಅದರೊಟ್ಟಿಗೇ ದನದ ಮಾಂಸ, ಕೋಳಿ, ಸಿಗಡಿ. ಒಂದರ ಪಕ್ಕದಲ್ಲಿ ಇನ್ನೊಂದು. ನಮ್ಮ ಹಂತಿಯಲ್ಲಾದ್ರೆ, ಸಾಲಾಗಿ ಎಲೆ ಹಾಕಿ ಕೂತು ಉಣ್ಣುವಲ್ಲಿ, ಬಡಿಸುವವನು ಒಂದೊಂದೇ ಪದಾರ್ಥದ ಹೆಸರು ಹೇಳಿಕೊಂಡು ಬರ್ತಾನೆ, ಬೇಡದಿದ್ರೆ ಎಲೆಗೆ ಬೀಳುವ ಮೊದಲೇ ಕೈ ಅಡ್ಡ ಹಿಡಿಯಬಹುದು. ಅಲ್ಲಿ ಹಾಗಿಲ್ಲ. ತಟ್ಟೆ ಮಧ್ಯದಲ್ಲಿ ಕೂತ ಮೇಲೆ ಡಂಪ್ಲಿಂಗ್ ಹಿಡಿದ ಚಿಮುಟ ನೂಡಲ್ಸಿಗೂ ಹೋಗ್ತದೆ, ಮಕ್ಕಳಿರುವ ಮೇಜಲ್ಲಂತೂ ಕೇಳಬೇಡ. ಆಮೇಲೆ ಇದು ಸಸ್ಯಾಹಾರವಾ ಅಂತ ಕೇಳಿ ಎಂತ ಪ್ರಯೋಜನ? ಅತ್ತೆ ಮಾವನದ್ದು ಬೇರೆ ತಟ್ಟೆ, ಬೇರೆ ಚಮಚ, ಮೇಜಿನ ಒಂದು ತುದಿಯಲ್ಲಿ. ಪಾಪುವನ್ನು ಅವರ ಬದಿಗೆ ಕೂರಿಸಬೇಡ. ಇನ್ನೊಮ್ಮೆ ಹೇಳ್ತೇನೆ, ಮೊದಲ ತಟ್ಟೆ ಬರುವ ಮೊದಲೇ ಹೇಳಿ. ಬ್ರೆಡ್ಡು ತಂದಿಟ್ಟ ಮೇಲಲ್ಲ, ಪೆರ್ಲ ಭಾವನ ಹಾಗೆ ಮೂರನೇ ಸಲ ಹಾಕಿಕೊಳ್ಳುವಾಗ ಅಲ್ಲ, ಕುರ್ಚಿ ಎಳೆದು ಕೂತ ಕೂಡಲೆ.

ಹಂತಿ ಅಂದದ್ದಕ್ಕೆ ನೆನಪಾಯ್ತು. ಈಗ ಇಲ್ಲಿಯಾದ್ರೂ ಹಂತಿ ಎಲ್ಲಿ ಉಳಿದಿದೆ ಹೇಳು. ಮೊನ್ನೆ ಒಂದು ಮದುವೆ, ಯಾರದ್ದಂತ ಹೇಳುವುದಿಲ್ಲ, ಹೋದವರಿಗೆಲ್ಲ ಗೊತ್ತುಂಟು. ಬದಿಯಡ್ಕದಿಂದ ಬಿಸಿಲಿನಲ್ಲಿ ಬಸ್ಸು ಹಿಡಿದು ಹೋದ್ರೆ ಅಲ್ಲಿ ಬಫೆ. ಮೊಣಗಂಟು ನೋವಿನವರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು. ಸಾರಿನ ಮೇಲೆ ಪಾಯಸ, ಪಾಯಸದ ಮೇಲೆ ಗೋಬಿ ಮಂಚೂರಿ. ಮೇಲಾರ ಇಲ್ಲ, ಸಾಸಮೆ ಇಲ್ಲ. ಪಾಯಸ ಇನ್ನೊಂದು ಸೌಟು ಹಾಕಲಾ ಅಂತ ಕೇಳುವ ಜನ ಇಲ್ಲ. ಬಡಿಸಲಿಕ್ಕೆ ಜನ ಸಿಗುವುದಿಲ್ಲ ಅಂತಾರೆ, ಮುಂಡು ಕಟ್ಟಿ ಫೋಟೋಕ್ಕೆ ನಿಲ್ಲಲಿಕ್ಕೆ ಮೂವತ್ತು ಹುಡುಗರು ಸಿಗ್ತಾರೆ! ಇಲ್ಲಿ ಕೂತು ಬಡಿಸಲಿಕ್ಕೆ ಸೋಮಾರಿತನ, ಅಲ್ಲಿ ಹೋಗಿ ಮಧ್ಯದಲ್ಲಿ ತಟ್ಟೆ ಇಟ್ಟದ್ದಕ್ಕೆ ತಲೆಗೆ 60 ಡಾಲರ್ ಕೊಡುವುದು. ಈ ಗ್ರೂಪಿನಲ್ಲೂ ಹಾಗೆಯೇ, ಅಡಿಗೆ ವಿಷಯ ಎಂತ ಕೇಳಿದ್ರೂ ಹೆಬ್ಬೆರಳು ಒತ್ತಿ ಸುಮ್ಮನಾಗ್ತಾರೆ, ಬಾಯಿ ಬಿಟ್ಟು ಉತ್ತರ ಕೊಡುವವಳು ನಾನೊಬ್ಬಳೇ. ಇರಲಿ ಬಿಡು, ಮಾತಾಡಿದ್ರೆ ದೊಡ್ಡಮ್ಮ ಜೋರು ಅಂತಾರೆ.

ಅಯ್ಯೋ, ಮುಖ್ಯದ್ದೇ ಬಿಟ್ಟೆ. ಬುಕ್ಕಿಂಗು! ಅಲ್ಲಿ ಹೋಗಿ ನಿಂತರೆ ಜಾಗ ಸಿಗುವುದಿಲ್ಲ, ಕ್ರಿಸ್ಮಸ್ ವಾರದಲ್ಲಂತೂ ಇಲ್ಲವೇ ಇಲ್ಲ. 60 ದಿನ ಮೊದಲು ತೆರೆಯುತ್ತದೆ. 26ಕ್ಕೆ ಬೇಕಾದ್ರೆ ಅಕ್ಟೋಬರ್ 27. ಅವರ ಬೆಳಿಗ್ಗೆ ಆರು ಗಂಟೆ, ಅಂದ್ರೆ ನಮ್ಮ ಮಧ್ಯಾಹ್ನ ಮೂರೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದೆ ಇಟ್ಟ ಮೇಲೆ ಅದು ನಾಲ್ಕೂವರೆ ಆಗ್ತದೆ, ಗೊಂದಲ ಮಾಡಿಕೊಳ್ಳಬೇಡ. ಮೂರೂ ಕಾಲಿಗೇ ಡಿಸ್ನಿ ಆ್ಯಪಿನಲ್ಲಿ ಲಾಗಿನ್ ಆಗಿ, ಕಾರ್ಡ್ ನಂಬರ್ ಮೊದಲೇ ಹಾಕಿಟ್ಟು ಕೂತುಕೋ. ಡಿಸ್ನಿಯ ಹೋಟೆಲಿನಲ್ಲೇ ಉಳಿಯುವವರಿಗೆ, ಬಂದಿಳಿಯುವ ದಿನದಿಂದ 60 ದಿನ ಮೊದಲೇ ಹತ್ತು ದಿನಗಳ ತನಕದ್ದನ್ನು ಒಟ್ಟಿಗೇ ಹಿಡಿಯಬಹುದು, ಹಾಗಾಗಿ ನಿಮ್ಮ ದಿನ ತೆರೆಯುವಾಗ ಸ್ವಲ್ಪ ಜಾಗ ಹೋಗಿಯೇ ಇರ್ತದೆ. ಸಿಗದಿದ್ರೆ ಬಿಡಬೇಡ, ದಿನಾ ಎರಡು ಸಲ ನೋಡು, ಜನ ರದ್ದು ಮಾಡ್ತಾ ಇರ್ತಾರೆ. ಪಾಪುವಿಗೆ ದುಡ್ಡಿಲ್ಲ ಅಂತ ಐದು ಜನ ಅಂತ ಹಾಕಬೇಡ, ಮೇಜು ಸಣ್ಣದಾಗ್ತದೆ, ಆರು ಅಂತಲೇ ಹಾಕು. ಊಟದ ನಿಯಮ ಬುಕ್ ಮಾಡುವಾಗಲೇ ಬರೆದು ಹಾಕು. ಬರೆದದ್ದು ಬಡಿಸುವವನಿಗೆ ತಲುಪಿರ್ತದೆ ಅಂತ ಮಾತ್ರ ನಂಬಬೇಡ. ಹೋಗುವುದಿಲ್ಲ ಅಂತಾದ್ರೆ ಎರಡು ಗಂಟೆ ಮೊದಲೇ ರದ್ದು ಮಾಡಬೇಕು, ಇಲ್ಲದಿದ್ರೆ ತಲೆಗೆ 10 ಡಾಲರ್ ಹೋಗ್ತದೆ.

ಮ್ಯಾಜಿಕ್ ಕಿಂಗ್‌ಡಮ್ಮಿನಿಂದ ಬರುವುದಾದ್ರೆ ರಿಸಾರ್ಟ್ ಮೊನೊರೈಲು ಹತ್ತಿ, ಮೂರನೇ ಸ್ಟಾಪು ಪಾಲಿನೇಶಿಯನ್. ಸ್ಟೇಶನ್ನೂ ಹೋಟೆಲೂ ಒಂದೇ ಎರಡನೇ ಮಾಳಿಗೆಯಲ್ಲಿ, ಮಾವನ ಕಾಲಿಗೆ ಮೆಟ್ಟಿಲಿನ ಕಷ್ಟ ಇಲ್ಲ. ಬುಕ್ಕಿಂಗ್ ಉಂಟಂತ ಕೂಡಲೇ ಕೂರಿಸುವುದಿಲ್ಲ, ಕಾಯಲಿಕ್ಕೆ ಉಂಟು, ಪಾಪುವಿಗೆ ಎಂತಾದ್ರೂ ತಿನ್ನಲಿಕ್ಕೆ ಕೈಯಲ್ಲಿರಲಿ.

ನನ್ನನ್ನು ಕೇಳಿದ್ರೆ, ಅಳಿಯನನ್ನೂ ದೊಡ್ಡ ಮಗನನ್ನೂ ಒಹಾನಾಕ್ಕೆ ಕಳಿಸು. ಬೇಕಾದ್ರೆ ಬೆಳಗಿನ ತಿಂಡಿಗೆ ಕಳಿಸು, ಅದಕ್ಕೆ ರೇಟು ಕಡಿಮೆ, ಲಿಲೊ, ಸ್ಟಿಚ್ ಅನ್ನುವ ಡಿಸ್ನಿ ಕಾರ್ಟೂನುಗಳ ವೇಷದವರು ಮೇಜಿಗೇ ಬರ್ತಾರೆ, ಹುಡುಗನಿಗೆ ಖುಷಿ. ನೀನು ಅತ್ತೆ ಮಾವನನ್ನು ಕರಕೊಂಡು ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಡಿಸ್ನಿಯ ರಿಸಾರ್ಟಿನ ಸನಾ ಹೋಟೆಲಿಗೆ ಹೋಗು, ಕಿಡಾನಿ ವಿಲೇಜ್ ಅನ್ನುವ ಕಟ್ಟಡದಲ್ಲಿ ಉಂಟು. ಅಲ್ಲಿ ಬ್ರೆಡ್ ಸರ್ವಿಸ್ ಅಂತ ಹೇಳಿದ್ರೆ ನಾನ್ ಥರದ ರೊಟ್ಟಿಗಳು, ಒಂಬತ್ತು ಬಗೆಯ ಚಟ್ನಿ, ಉಪ್ಪಿನಕಾಯಿ ಬರ್ತದೆ, ಹುಣಸೆಯದ್ದು, ಕೊತ್ತಂಬರಿ ಸೊಪ್ಪಿನದ್ದು, ಮಾವಿನದ್ದು, ಸೌತೆಕಾಯಿ ರಾಯತವೂ ಉಂಟು. ತಲೆಗೆ ಲೆಕ್ಕ ಅಲ್ಲ, ಒಂದು ತರಿಸಿ ಮೂವರು ಹಂಚಿಕೊಳ್ಳಬಹುದು. ನಾನ್ ಹಿಟ್ಟಿಗೆ ಮೊಟ್ಟೆ ಉಂಟಾ ಅಂತ ಅಲ್ಲಿಯೂ ಕೇಳು. ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯ್ತಾ ಇರ್ತವೆ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲಾಗ್ತದೆ, ಹಾಗಾಗಿ ಮಧ್ಯಾಹ್ನದ ಊಟಕ್ಕೇ ಹಿಡಿ. ಅದಕ್ಕೂ 60 ದಿನದ್ದೇ ಲೆಕ್ಕ. ಅಕ್ಟೋಬರ್ 27, ಮೂರೂವರೆ, ಬರೆದಿಟ್ಟುಕೋ. ಇಡ್ತೇನೆ, ಅಡಿಕೆ ಸುಲಿಯುವವರು ಚಾಕ್ಕೆ ಕಾಯ್ತಾ ಇದ್ದಾರೆ.